ಚತುಷ್ಪಾದ ಮಾರ್ಗಾತಿಕ್ರಮಣ ಶಾಸ್ತ್ರ: ಸೇಡಂ ಸೀಮೆಯ ಒಂದು ಅಧ್ಯಯನ

ಚತುಷ್ಪಾದ ಮಾರ್ಗಾತಿಕ್ರಮಣವೆಂದರೆ ಸಶೃಂಗ ಜೀವಘಟಕವೊಂದು ಸ್ವೇಚ್ಛೆಯಿಂದಲೋ ಬಡಿಗೆಯ ಪ್ರೇರಣೆಯಿಂದಲೋ ಸಾರ್ವಜನಿಕ ರಸ್ತೆಯಲ್ಲಿ ಸ್ಥಾನಾಂತರಗೊಳ್ಳುವ ಪ್ರಕ್ರಿಯೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಜನ ಇದನ್ನು ‘ದನ ಹಾಯೋದು’ ಎಂದಷ್ಟೇ ಅನ್ನುವುದರಿಂದ ಇದರ ಗಹನತೆ ಇದುವರೆಗೆ ವಿದ್ವಾಂಸರ ಗಮನಕ್ಕೆ ಬಂದಿಲ್ಲ.

ಪ್ರಕ್ರಿಯೆ ಮೂರು ವಿಧ. ರಸ್ತೆಗುಂಟ ಸಾಗುವುದು ಸಮಾನಾಂತರ, ಅಡ್ಡ ಹಾಯುವುದು ಲಂಬ, ನಟ್ಟನಡುವೆ ನಿಂತು ಮೆಲುಕು ಹಾಕುವುದು ಸ್ಥಾಯಿ. ಸ್ಥಾಯಿಯಲ್ಲಿ ಮತ್ತೆ ಶಯನ, ಅರ್ಧಶಯನ ಎಂಬ ಉಪಭೇದಗಳುಂಟು. ಒಂದೇ ಎಮ್ಮೆ ಎರಡು ನಿಮಿಷದಲ್ಲಿ ಇವೆಲ್ಲವನ್ನೂ ಮುಗಿಸಿಬಿಡುವುದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಶಾಸ್ತ್ರದ ಮೂಲಗ್ರಂಥವೆಂದರೆ ಕೇಂದ್ರ ಸರ್ಕಾರ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಹೊರಡಿಸಿದ ಕಾಲ್ನಡಿಗೆ ಸಾಗಣೆಯ ನಿಯಮಾವಳಿ. 5 ಕಿ.ಮೀ. ಮತ್ತು ಅದಕ್ಕೂ ಹೆಚ್ಚಿನ ದಾರಿಗೆ ಇದು ಅನ್ವಯ. ಆಕಳು ದಿನಕ್ಕೆ 30, ಎಮ್ಮೆ 25 ಕಿ.ಮೀ. ನಡೆಯಬಹುದು, ಗಂಟೆಗೆ 4 ಕಿ.ಮೀ. ಮೀರುವಂತಿಲ್ಲ. ಎರಡು ತಾಸಿಗೊಮ್ಮೆ ನೀರು, ನಾಲ್ಕು ತಾಸಿಗೊಮ್ಮೆ ಮೇವು. ಹೊತ್ತು ಮೂಡುವ ಮುಂಚೆ, ಮುಳುಗಿದ ಮೇಲೆ ಪಯಣ ನಿಷಿದ್ಧ. ಪಶುವೈದ್ಯರ ಪ್ರಮಾಣಪತ್ರ ಬೇಕು, ಪ್ರಥಮ ಚಿಕಿತ್ಸೆಯ ಸಾಮಗ್ರಿ ಬೇಕು. ಚಾಟಿ, ಬಡಿಗೆ ಕೂಡದು. ಓಡಲೆಂದು ಮೈಗೆ ಮೆಣಸಿನಕಾಯಿ ಹಚ್ಚಕೂಡದು. (ಈ ಕೊನೆಯದರಲ್ಲಿ ನಗುವಂಥದ್ದೇನಿಲ್ಲ. ಹಚ್ಚುವವರಿದ್ದಾರೆಂದೇ ಬರೆದದ್ದು.)

ಉಷ್ಣಾಂಶ 12ರಿಂದ 30 ಡಿಗ್ರಿಯೊಳಗಿರಬೇಕು. ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 40 ದಾಟುವುದರಿಂದ, ದೂರದ ಸಂತೆಗೆ ಹೊರಟ ಆಕಳು ಮುಂಗಾರು ಬರುವ ತನಕ ನಿಂತಲ್ಲೇ ನಿಂತಿರತಕ್ಕದ್ದು. ಲಾಳವಿಲ್ಲದ ಗೊರಸು ಡಾಂಬರು, ಸಿಮೆಂಟು ರಸ್ತೆ ತುಳಿಯುವಂತಿಲ್ಲ. ನಾಡಿಗೆಲ್ಲ ಸಿಮೆಂಟು ಕಳಿಸುವ ಈ ಸೀಮೆಯಲ್ಲಿ ಎಮ್ಮೆಗೆ ಉಳಿದದ್ದು ಆಕಾಶಮಾರ್ಗವೊಂದೇ.

ಲೋಹಮಾರ್ಗ ಪ್ರಕರಣ ಚಿಕ್ಕದು. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗುವ ಹಳಿ 1874ರಷ್ಟು ಹಳೆಯದು. ಗೇಟು ಬಿದ್ದಾಗ ಎಮ್ಮೆ ನಿಲ್ಲುತ್ತದೆ. ಮೋಟಾರ್ ಸೈಕಲ್ಲಿನವ ಗಾಡಿ ವಾಲಿಸಿ ಗೇಟಿನಡಿ ನುಸುಳುತ್ತಾನೆ.

ಇಷ್ಟೆಲ್ಲ ಅಳೆದ ನಿಯಮಾವಳಿಯಲ್ಲಿ ಟಿಪ್ಪರಿಗೆ ಒಂದು ಕಲಮೂ ಇಲ್ಲ. ಅದಕ್ಕೆ ಬೇರೆ ಕಾನೂನಿದೆಯಂತೆ, ಇರಲಿ. ದನ ಕಾಯುವ ಹುಡುಗ ರಸ್ತೆಗಿಳಿದು ಎರಡೂ ಕೈ ಎತ್ತಿ, ‘ಏ ಅಣ್ಣಾ, ನಿಂದರೋ, ದನಾ ಹಾಯಲಿ’ ಎಂದು ಕೂಗುತ್ತಾನೆ. ಕಲ್ಲು ಹೇರಿದ ಗಾಡಿ ಹಾರ್ನ್ ಹೊಡೆಯುತ್ತದೆ, ನಿಲ್ಲುವುದಿಲ್ಲ. ಗಬ್ಬದ ಎಮ್ಮೆ ಹಿಂಗಾಲು ಮುರಿದುಕೊಂಡು ಬಿದ್ದಿರುತ್ತದೆ, ಬೆನ್ನ ಮೇಲೆ ಬೂದಿಬಣ್ಣದ ಧೂಳು, ಏಳಲು ಮುಂಗಾಲು ಊರಿ ಊರಿ ಜಾರುತ್ತದೆ. ಒಂದು ಮನೆಯ ವರ್ಷದ ಹಾಲು, ಮಗಳ ಕಾಲೇಜಿನ ಫೀಸು, ಸೊಸೈಟಿ ಸಾಲದ ಕಂತು ಎಲ್ಲ ಅಲ್ಲಿಯೇ ಬಿದ್ದಿರುತ್ತದೆ. ಬಂದವರು ಕೇಳುವುದು ಗಾಡಿಯ ನಂಬರನ್ನಲ್ಲ. ‘ದನಾ ಯಾಕ ರೋಡಿಗೆ ಬಿಟ್ಟಿ?’ ಎಂದು ಮಾಲೀಕನನ್ನು.

ದನ ಮೇಯುವ ಗಾಯರಾಣ ರಸ್ತೆಯಾಚೆ ಇದೆ, ಅದಕ್ಕೆ ಬಿಟ್ಟಿದ್ದು. ಮೊದಲು ಈಚೆಯೂ ಇತ್ತು. ಈಗ ಅಲ್ಲಿ ಕಲ್ಲಿನ ಖಣಿ ಇದೆ.