ಡ್ರಾಯರ್ ಮಹಾಶಯರಿಗೆ ಅಭಿನಂದನೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆ ಏರಲು ಹವಣಿಸುತ್ತಿರುವ ಗಣ್ಯರೇ, ಬ್ರೆಸೀಲಿಯಾ ನಗರದ ಮಹಾಜನಗಳೇ,

ಬ್ರೆಜಿಲ್ ಸಂಸತ್ತಿನ ಕೆಳಮನೆಯ ಸ್ಪೀಕರ್ ಮೇಜಿನಲ್ಲಿ ದಶಕಗಳಿಂದ ನಿಸ್ವಾರ್ಥ ಸೇವೆ ಸಲ್ಲಿಸುತ್ತಿರುವ ಶ್ರೀಯುತ ಡ್ರಾಯರ್ ಅವರನ್ನು ಸನ್ಮಾನಿಸುವ ಸುಯೋಗ ಇಂದು ನಮ್ಮದಾಗಿದೆ. 513 ಸದಸ್ಯರು ಕೂಗಾಡಿದರೂ ಆಗದ್ದನ್ನು ತುಟಿ ಬಿಚ್ಚದೆ ಸಾಧಿಸಿದವರು ಇವರು.

ನಮ್ಮಲ್ಲಿ ಜನ ಅಧ್ಯಕ್ಷರನ್ನು ನೇರವಾಗಿ ಆರಿಸುತ್ತಾರೆ, ಅವರ ಪಕ್ಷಕ್ಕೆ ಬಹುಮತ ಕೊಡುವುದನ್ನು ಮಾತ್ರ ಮರೆಯುತ್ತಾರೆ. ಆದ್ದರಿಂದ ಸಿಕ್ಕಸಿಕ್ಕ ಪಕ್ಷಗಳನ್ನು ಕೂಡಿಸಿಕೊಳ್ಳಬೇಕು. 1988ರಲ್ಲೇ ಸೆರ್ಜಿಯೊ ಅಬ್ರಾಂಚೆಸ್ ಎಂಬ ವಿದ್ವಾಂಸರು ಇದಕ್ಕೆ ಮೈತ್ರಿಕೂಟದ ಅಧ್ಯಕ್ಷೀಯ ಪದ್ಧತಿ ಎಂದು ನಾಮಕರಣ ಮಾಡಿದರು. 2015ರ ಆರಂಭದಲ್ಲಿ ಅಧ್ಯಕ್ಷೆ ದಿಲ್ಮಾ ರೌಸೆಫ್ ಅವರ ಸಂಪುಟದಲ್ಲಿ 39 ಮಂತ್ರಿಗಳಿದ್ದರು. ಅಷ್ಟು ಎಲೆ ಹಾಕಿದರೂ ಪಂಕ್ತಿಯಲ್ಲಿ ಕೊಸರಾಟ ನಿಲ್ಲಲಿಲ್ಲ ಅನ್ನಿ.

ಅಧ್ಯಕ್ಷರ ಕೈಯಲ್ಲಿ ಸುಗ್ರೀವಾಜ್ಞೆ ಇದೆ. ಹೊರಟ ಗಳಿಗೆಯಿಂದಲೇ ಅದು ಕಾನೂನು. 45 ದಿನದಲ್ಲಿ ಮತಕ್ಕೆ ಹಾಕದಿದ್ದರೆ ಸದನದ ಬೇರೆ ಕಲಾಪಕ್ಕೂ ಅಡ್ಡ ಕೂರುತ್ತದೆ. ಇದು ವಿಷಯವನ್ನು ಒಳಗೆ ತರುವ ವಿದ್ಯೆ. ಒಳಗೆ ಬಾರದಂತೆ ಕಾಯುವ ವಿದ್ಯೆಯಲ್ಲಿ ನಮ್ಮ ಸನ್ಮಾನಿತರನ್ನು ಮೀರಿಸುವವರಿಲ್ಲ.

ಅಧ್ಯಕ್ಷರ ವಾಗ್ದಂಡನೆ ಕೋರಿ ಯಾವ ಪ್ರಜೆ ಬೇಕಾದರೂ ಅರ್ಜಿ ಕೊಡಬಹುದು. ಕೈಗೆತ್ತಿಕೊಳ್ಳುವುದು ಸ್ಪೀಕರ್ ಒಬ್ಬರ ಮರ್ಜಿ, ಗಡುವೂ ಇಲ್ಲ. ತಿರಸ್ಕರಿಸಿದರೆ ಸದನಕ್ಕೆ ಮೇಲ್ಮನವಿ ಹೋದೀತು; ಸುಮ್ಮನಿದ್ದುಬಿಟ್ಟರೆ ಅದಕ್ಕೂ ದಾರಿಯಿಲ್ಲ. ಎಂಥ ಜಾಣ್ಮೆ! ಅಧ್ಯಕ್ಷರಾಗಿದ್ದ ಬೊಲ್ಸೊನಾರೊ ವಿರುದ್ಧ ನೂರಕ್ಕೂ ಹೆಚ್ಚು ಅರ್ಜಿ ಬಂದವು. ಸ್ಪೀಕರ್ ಆಗಿ ರೊಡ್ರಿಗೊ ಮಾಯಾ ಇದ್ದಾಗಲೂ ಆರ್ತುರ್ ಲೀರಾ ಬಂದಾಗಲೂ ಡ್ರಾಯರ್ ಮಹಾಶಯರು ಬಹುಪಾಲನ್ನು ಹೊಟ್ಟೆಗೆ ಹಾಕಿಕೊಂಡರು.

ಹಾಗೆಂದು ಇವರಿಗೆ ಬಾಯಿಯೇ ಇಲ್ಲವೆಂದು ತಿಳಿಯಬೇಡಿ. 2015ರ ಡಿಸೆಂಬರ್ 2ರಂದು, ಸ್ಪೀಕರ್ ಎಡ್ವಾರ್ಡೊ ಕುನ್ಹಾ ವಿರುದ್ಧ ನೀತಿ ಸಮಿತಿಯಲ್ಲಿ ಮತ ಹಾಕುವುದಾಗಿ ದಿಲ್ಮಾ ಪಕ್ಷದವರು ಸಾರಿದರು. ಕೆಲವೇ ಗಂಟೆಗಳಲ್ಲಿ ಡ್ರಾಯರ್ ತೆರೆಯಿತು, ದಿಲ್ಮಾ ವಿರುದ್ಧದ ಅರ್ಜಿ ಹೊರಬಂತು. ಕುನ್ಹಾ ಅವರೇನು ವಿರೋಧ ಪಕ್ಷದವರೇ? ಉಪಾಧ್ಯಕ್ಷ ಮಿಷೆಲ್ ಟೆಮರ್ ಅವರದ್ದೇ ಪಕ್ಷ, ಮೈತ್ರಿಕೂಟದ ಪ್ರಮುಖ ಪಾಲುದಾರ! ಮರುವರ್ಷ ಆಗಸ್ಟ್‌ನಲ್ಲಿ ದಿಲ್ಮಾ ಮನೆಗೆ ಹೋದರು, ಟೆಮರ್ ಪಟ್ಟಕ್ಕೆ ಬಂದರು, ಅಕ್ಟೋಬರ್‌ನಲ್ಲಿ ಕುನ್ಹಾ ಜೈಲಿಗೆ ಹೋದರು. ಡ್ರಾಯರ್ ಮೇಲೆ ಒಂದು ಆರೋಪವೂ ಬರಲಿಲ್ಲ.

ಈಗ ಶಾಲು ಹೊದಿಸಲು, ಯಾರ ಸರ್ಕಾರ ಬಂದರೂ ಜಾಗ ಬಿಡದ ಸೆಂಟ್ರಾವ್ ಕೂಟದ ಮುಖಂಡರನ್ನು ಕರೆಯುತ್ತೇನೆ. ದಯವಿಟ್ಟು ಒಟ್ಟಿಗೆ ನುಗ್ಗಬೇಡಿ. ಮಂತ್ರಿಗಿರಿ ಸಿಕ್ಕವರು ಈ ಕಡೆ, ಅನುದಾನ ಸಿಕ್ಕವರು ಆ ಕಡೆ. ಎರಡೂ ಸಿಗದೆ ವಿರೋಧ ಪಕ್ಷದಲ್ಲಿ ಕೂತವರೂ ಸಂಕೋಚಪಡದೆ ಬನ್ನಿ, ಮುಂದಿನ ಸರ್ಕಾರ ನಿಮ್ಮದೂ ಹೌದಲ್ಲ!