ನಿಮ್ ಸ್ಲಿಪ್ ತೋರಸ್ರಿ ಮೇಡಂ

ಮಾನ್ಯ ನಿರ್ದೇಶಕರಿಗೆ,

ನಿಮ್ಮ ಸಂಸ್ಥೆಯ ರಾಯಚೂರು ಜಿಲ್ಲೆಯ ಸೆಂಟರಿನಲ್ಲಿ ನಾಲ್ಕು ವರ್ಷ ಟ್ರೇನರ್ ಆಗಿದ್ದೆ. ಹಳ್ಳಿಯ ಹುಡುಗ-ಹುಡುಗಿಯರಿಗೆ ಮೂರು ತಿಂಗಳು ಕಂಪ್ಯೂಟರ್, ಒಂದಿಷ್ಟು ಇಂಗ್ಲಿಷ್, ಇಂಟರ್‌ವ್ಯೂನಲ್ಲಿ ತಲೆಯೆತ್ತಿ ಮಾತಾಡುವುದು, ಇಷ್ಟನ್ನು ಕಲಿಸಿ ಕೆಲಸಕ್ಕೆ ಹಚ್ಚುವುದು ನಮ್ಮ ಕಾಯಕ. ಆ ಕೆಲಸದ ಬಗ್ಗೆ ನನಗೆ ಇವತ್ತಿಗೂ ಪ್ರೀತಿಯಿದೆ. ಇಲ್ಲಿ ಬರೆಯುತ್ತಿರುವುದನ್ನೆಲ್ಲ ಮೀಟಿಂಗಿನಲ್ಲಿ ಹೇಳಿದ್ದೆ, ಎರಡು ಸಲ ಇಮೇಲ್ ಕೂಡ ಮಾಡಿದ್ದೆ. ಉತ್ತರ ಬರಲಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಪ್ರತಿ ಬ್ಯಾಚಿನ ಕೊನೆಯ ವಾರ ಸ್ಯಾಲರಿ ಸ್ಲಿಪ್ಪಿನ ಪಾಠ ಇರುತ್ತಿತ್ತು. ಬೋರ್ಡಿನ ನಡುವೆ ಗೆರೆ ಎಳೆದು ಎಡಕ್ಕೆ ಬೇಸಿಕ್, ಡಿಎ ಬರೆಯುತ್ತಿದ್ದೆ. ಬಲಕ್ಕೆ ಕಡಿತಗಳು: ಪಿಎಫ್ ಶೇ 12, ಇಎಸ್‌ಐ ಶೇ 0.75. ‘ನಿಮ್ಮ ಪಗಾರದಾಗ ಹಿಡಿದಷ್ಟೇ ಪಿಎಫ್ ಕಂಪನಿಯವರೂ ಹಾಕಬೇಕು. ಪಿಎಫ್ ಖಾತೆಯ ಯುಎಎನ್ ನಂಬರ್ ಕೇಳಿ ಇಸ್ಕೊಳ್ರಿ. ಆಫರ್ ಲೆಟರ್ ಕೈಗೆ ಬರೂತನಕ ಬಸ್ ಹತ್ತಬ್ಯಾಡ್ರಿ’ ಅಂತ ಒತ್ತಿ ಒತ್ತಿ ಹೇಳುತ್ತಿದ್ದೆ. ಒಂದು ಸಲ ಮಸ್ಕಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, ‘ಮೇಡಂ, ನಿಮ್ ಸ್ಲಿಪ್ ಒಮ್ಮೆ ತೋರಸ್ರಿ, ನೋಡಿ ಬರ್ಕೊಂತೀವಿ’ ಅಂದಳು. ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ನಿಜವಾದ ಸ್ಲಿಪ್ ಹೇಗಿರುತ್ತದೆ ನೋಡುವ ಆಸೆ ಅಷ್ಟೆ. ನನ್ನ ಹತ್ತಿರ ಇದ್ದದ್ದು ವೋಚರ್. ‘ಗೌರವಧನ’ ಎಂದು ಬರೆದ ಹಾಳೆಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ, ಅದರ ಮೇಲೆ ಅಡ್ಡ ಸಹಿ ಹಾಕಿ ಹಣ ತೆಗೆದುಕೊಳ್ಳುತ್ತಿದ್ದೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ನೇಮಕಾತಿ ಪತ್ರವೂ ಇಲ್ಲ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಕರಾರು. ಆವತ್ತು ಬೆಂಗಳೂರಿನ ಗಾರ್ಮೆಂಟ್ಸಿಗೆ ಸೇರಿದ್ದ ಹಳೇ ಬ್ಯಾಚಿನ ಹುಡುಗಿಯ ಸ್ಲಿಪ್ಪನ್ನು ಮೊಬೈಲಿನಲ್ಲಿ ಹುಡುಕಿ ತೆಗೆದು ತೋರಿಸಿದೆ. ನಾನು ಕಲಿಸಿದ ಹುಡುಗಿಯ ಸ್ಲಿಪ್ ಹಿಡಿದು ಪಾಠ ಮುಗಿಸಿದೆ.

ನನಗಿಂತ ಕಷ್ಟ, ಹಳ್ಳಿಗಳಿಗೆ ಹೋಗಿ ಹುಡುಗ-ಹುಡುಗಿಯರನ್ನು ತರಬೇತಿಗೆ ಕರೆತರುವ ನಮ್ಮ ಮೊಬಿಲೈಸರ್‌ಗಳದು. ಸ್ವಂತ ಬೈಕು, ಸ್ವಂತ ಪೆಟ್ರೋಲು, ಮೂರು ತಿಂಗಳಾದರೂ ಪಾಸಾಗದ ಟಿಎ ಬಿಲ್ಲು. ಮಾನ್ವಿ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಜನ ಹೊಲದಿಂದ ಬರುವ ಸಂಜೆ ಹೊತ್ತಿಗೇ ಹೋಗಬೇಕು, ಇಲ್ಲದಿದ್ದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ. ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಒಂದು ಮನೆಯಲ್ಲಿ ತಾಯಿ ಬಹಳ ಹೊತ್ತು ಸುಮ್ಮನೆ ಕೂತಿದ್ದು ಕೊನೆಗೆ ನನ್ನ ಕೈ ಹಿಡಿದು, ‘ನಿನ್ ಮಾರಿ ನೋಡಿ ಕಳಸ್ತೀನವ್ವಾ’ ಅಂದಳು. ಆ ಮಾತು ನಿಮ್ಮ ಎಕ್ಸೆಲ್ ಶೀಟಿನಲ್ಲಿ ‘ಮೊಬಿಲೈಸೇಶನ್: 1’ ಆಯಿತು. ನನಗೆ ಅದು ಹೊಣೆಯಾಗಿ ಉಳಿಯಿತು. ಅವಳ ಮಗಳು ಕೆಲಸಕ್ಕೆ ಸೇರಿದ ಮೇಲೆ ರಾತ್ರಿ ಹನ್ನೊಂದಕ್ಕೆ ಅಲ್ಲಿನ ಹಾಸ್ಟೆಲಿನಿಂದ ಫೋನ್ ಮಾಡಿ ಅತ್ತಾಗ ಎತ್ತಿದ್ದು ನಾನು. ಮನೆ ನೆನಪು, ನೀರಿಲ್ಲ, ಸೂಪರ್‌ವೈಸರ್ ಬೈದ. ಆರನೇ ವಾರಕ್ಕೆ ಅವಳು ವಾಪಸ್ ಬಂದಳು. ಆ ತಿಂಗಳು ‘ರಿಟೆನ್ಷನ್ ಕಡಿಮೆ’, ಅಂದರೆ ಕೆಲಸದಲ್ಲಿ ಉಳಿದವರು ಕಡಿಮೆ ಎಂದು ನನ್ನ ಗೌರವಧನದಲ್ಲಿ ಹಿಡಿದರು.

ಒತ್ತಡ ನಿಮಗೂ ಇದೆ, ಗೊತ್ತು. 2014ರಲ್ಲಿ ಶುರುವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ತರಬೇತಿ ಪಡೆದವರ ಪೈಕಿ ಶೇ 70ರಷ್ಟು ಮಂದಿಗೆ ಕೆಲಸ ಕೊಡಿಸಬೇಕು, ಹಣ ಬರುವುದು ಕಂತಿನಲ್ಲಿ. ಕಂತು ತಡವಾದರೆ ನಮ್ಮ ಪಗಾರವೂ ತಡ. ಆದರೆ ಕಟ್ಟಡದ ಬಾಡಿಗೆ, ಬಯೋಮೆಟ್ರಿಕ್ ಮಶೀನಿನ ಬಿಲ್ಲು ಯಾವತ್ತೂ ನಿಂತಿದ್ದು ನಾನು ಕಾಣೆ. ಪಗಾರ, ಪಿಎಫ್ ಬಗ್ಗೆ ಕೇಳಿದಾಗ ನೀವು ಎರಡು ಮಾತು ಹೇಳಿದಿರಿ. ಮೊದಲನೆಯದು, ‘ಸಿಎಸ್‌ಆರ್ ಹಣದಲ್ಲಿ ಆಡಳಿತ ವೆಚ್ಚ ಶೇ 5 ದಾಟುವಂತಿಲ್ಲ.’ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಕೊಡುವ ಈ ಹಣದಲ್ಲಿ ಆ ಮಿತಿ ಇರುವುದು ಕಂಪನಿಯವರು ಸಿಎಸ್‌ಆರ್ ನಡೆಸಲು ಮಾಡಿಕೊಳ್ಳುವ ಸಾಮಾನ್ಯ ಖರ್ಚಿಗೆ. ಒಂದು ಪ್ರಾಜೆಕ್ಟಿನ ಅನುಷ್ಠಾನಕ್ಕೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು 2021ರಲ್ಲಿ ತಿದ್ದುಪಡಿಯಾದ ನಿಯಮವೇ ಹೇಳುತ್ತದೆ. ಕ್ಲಾಸಿನಲ್ಲಿ ನಿಂತು ಪಾಠ ಮಾಡುವವರ ಸಂಬಳಕ್ಕಿಂತ ನೇರವಾದ ಖರ್ಚು ತರಬೇತಿ ಪ್ರಾಜೆಕ್ಟಿನಲ್ಲಿ ಇನ್ನೇನಿದೆ?

ಎರಡನೆಯದು, ‘ಇದು ನೌಕರಿ ಅಲ್ಲಮ್ಮ, ಸೇವೆ.’ ಈ ಮಾತು ಬಹಳ ದಿನ ನನ್ನ ಬಾಯಿ ಮುಚ್ಚಿಸಿತ್ತು. ಆದರೆ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 1978ರಷ್ಟು ಹಿಂದೆಯೇ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದೇ ಪ್ರಶ್ನೆಯನ್ನು ನೋಡಿತ್ತು. ಧರ್ಮಾರ್ಥ ಸಂಸ್ಥೆ ಎಂಬ ಕಾರಣಕ್ಕೇ ಅಲ್ಲಿ ಸಂಬಳಕ್ಕೆ ದುಡಿಯುವವರು ಕಾರ್ಮಿಕ ಕಾನೂನಿನಿಂದ ಹೊರಗೆ ಉಳಿಯಬೇಕಿಲ್ಲ ಎಂದಿತ್ತು. ಈಗ 2020ರ ಕೈಗಾರಿಕಾ ಸಂಬಂಧ ಸಂಹಿತೆ ಸೇವಾಸಂಸ್ಥೆಗಳನ್ನು ಮತ್ತೆ ಹೊರಗಿಟ್ಟಿದೆ. ಹೀಗಾಗಿ ಕೋರ್ಟಿನ ಬಾಗಿಲು ನನ್ನಂಥವರಿಗೆ ಕಿರಿದಾಗಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ನನಗೆ ಬರಬೇಕಾದ ಎರಡು ತಿಂಗಳ ಬಾಕಿ, ಅನುಭವ ಪತ್ರ ತಡವಾದರೂ ಪರವಾಗಿಲ್ಲ. ಮೊದಲು ಈಗ ಸೆಂಟರಿನಲ್ಲಿರುವ ಟ್ರೇನರ್‌ಗಳಿಗೆ, ಮೊಬಿಲೈಸರ್‌ಗಳಿಗೆ, ಸೆಂಟರಿನದೇ ಹಾಸ್ಟೆಲಿನ ಅಡುಗೆಯಕ್ಕನಿಗೆ ನೇಮಕಾತಿ ಪತ್ರ ಕೊಡಿ. ಪಿಎಫ್ ಕಟ್ಟಿ. ಪೆಟ್ರೋಲಿನ ದುಡ್ಡನ್ನು ಆಯಾ ತಿಂಗಳೇ ಕೊಡಿ. ಹುಡುಗಿ ಹೆದರಿ ಮನೆಗೆ ಬಂದರೆ ಅದಕ್ಕೆ ಟ್ರೇನರ್ ಪಗಾರ ಹಿಡಿಯಬೇಡಿ. ಅವಳು ಅತ್ತು ಫೋನ್ ಮಾಡಿದ ಆ ಹಾಸ್ಟೆಲನ್ನು ಒಮ್ಮೆ ನೀವೇ ಹೋಗಿ ನೋಡಿ ಬನ್ನಿ.

ಮುಂದಿನ ಬ್ಯಾಚಿನ ಕೊನೆಯ ವಾರವೂ ಸ್ಲಿಪ್ಪಿನ ಪಾಠ ಇದ್ದೇ ಇರುತ್ತದೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ನಮ್ಮದೇ ಸೆಂಟರಿನಲ್ಲಿ ಕಲಿತವಳು. ಆ ಹೊತ್ತಿಗೆ ಅವಳ ಕೈಗೆ ಅವಳದೇ ಒಂದು ಸ್ಲಿಪ್ ಕೊಡಿ.

ಇಂತಿ,
ನಿಮ್ಮ ಸೆಂಟರಿನ ಹಳೇ ಟ್ರೇನರ್