ಹತ್ತಿರದಲ್ಲೇ ಒಂದು ಜಾಗ ನೋಡಿ ಬರುವ ಶಾಸ್ತ್ರ

ಬಂಧುಗಳ ಊರಿಗೆ ಹೋದವರು ಬಂಧುಗಳನ್ನಷ್ಟೇ ನೋಡಿ ಹಿಂತಿರುಗುವುದು ಶಿಷ್ಟಾಚಾರಕ್ಕೆ ಒಪ್ಪುವುದಿಲ್ಲ. ಬಂದ ಮರುದಿನ ಬೆಳಿಗ್ಗೆ, ಅವಲಕ್ಕಿಯ ತಟ್ಟೆ ಎತ್ತಿ ಎರಡನೆಯ ಚಹಾಕ್ಕೆ ನೀರಿಡುವ ನಡುವಿನ ಅವಧಿಯಲ್ಲಿ, ಮನೆಯ ಹಿರಿಯರು “ಇಷ್ಟ್ ದೂರ ಬಂದೀರಿ, ಇಲ್ಲೇ ಹತ್ರ ಒಂದ್ ಜಾಗಾ ನೋಡ್ಕೊಂಡ್ ಹೋಗ್ರಿ” ಎಂದು ಘೋಷಿಸುತ್ತಾರೆ. ಉಪಪ್ರವಾಸದ ವಿಧಿಗಳು ಇಲ್ಲಿಂದ ಆರಂಭವಾಗುತ್ತವೆ. ಪ್ರಸ್ತುತ ವಿವೇಚನೆಯು ದಾಂಡೇಲಿಯ ಬಂಗೂರನಗರಕ್ಕೆ ಮೈಸೂರು ಸೀಮೆಯಿಂದ ಬರುವ ಅತಿಥಿಗಳಿಗೆ ಸಂಬಂಧಿಸಿದ್ದು. ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡದಲ್ಲಿ ನೆಂಟರಿರುವವರು ಅಲ್ಪ ತಿದ್ದುಪಡಿಯೊಡನೆ ಇದನ್ನು ಅನ್ವಯಿಸಿಕೊಳ್ಳಬಹುದು.

ಮೊದಲು ದೂರದ ಮಾಪನವನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಕಿಲೋಮೀಟರುಗಳನ್ನು ಹೇಳುವ ರೂಢಿ ಇಲ್ಲಿಯೂ ಇದೆಯಾದರೂ ಅವುಗಳಿಂದ ಯಾವ ನಿರ್ಣಯವೂ ಹೊರಡುವುದಿಲ್ಲ. ಬಂಧುಗಳಿರುವ ಊರು ಎಷ್ಟೇ ಆಚೆಗಿದ್ದರೂ ಹತ್ತಿರ. ಬಂಧುಗಳಿಲ್ಲದ ಝರಿ ಹಿತ್ತಿಲಿನಲ್ಲಿ ಹರಿದರೂ ದೂರ. ಈ ಮಾಪನದಂತೆ, ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಮುಂಡಗೋಡದಲ್ಲಿ ಸಣ್ಣ ಅತ್ತಿ ಇರುವ ಕಾರಣದಿಂದ ಅದು “ಇಲ್ಲೇ” ಎನಿಸಿಕೊಳ್ಳುತ್ತದೆ. 1966ರಲ್ಲಿ ಆರಂಭವಾದ ಅಲ್ಲಿನ ಟಿಬೆಟನ್ ನೆಲೆ, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು, ಅತ್ತಿವೇರಿಯ ಪಕ್ಷಿಧಾಮ ಇವೆಲ್ಲ ಸಣ್ಣ ಅತ್ತಿಯ ಮನೆಯ ಸುತ್ತಮುತ್ತಲಿನ ವಿವರಗಳಾಗಿ ಪರಿಗಣಿತವಾಗಿವೆ. ಅಲ್ಲಿಗೆ ಹೋದವರು ಅತ್ತಿಯ ಮನೆಯಲ್ಲಿ ಊಟಕ್ಕೆ ಕೂತು, ಎದ್ದು, ಕುಂಕುಮ ಪಡೆದು ಹೊರಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಬುದ್ಧನ ಮೂರ್ತಿಗಳು ಬಹು ದೊಡ್ಡವು ಎಂದು ಅತ್ತಿಯೇ ಹೇಳಿರುವುದರಿಂದ ದರ್ಶನಕ್ಕೆ ಲೋಪವಿಲ್ಲ.

ಇನ್ನು ಆತಿಥೇಯರ ಹಿನ್ನೆಲೆ. 1955ರಲ್ಲಿ ಕಾಳಿ ನದಿಯ ದಡದಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಒಡೆತನದ ಬಂಗೂರ ಮನೆತನದ ಹೆಸರೇ ನಗರಕ್ಕೂ ಬಂತು. ದೇಶದ ನಾನಾ ಭಾಗಗಳಿಂದ ಜನ ಕೆಲಸಕ್ಕೆಂದು ಬಂದು ನೆಲೆಸಿದರು. ಮೂರು ಪಾಳಿಗಳ ದುಡಿಮೆಯಲ್ಲಿ ಅವರು ಮಿಲ್ಲಿನ ಗೇಟು, ಸಂತೆ, ಬಸ್ ನಿಲ್ದಾಣ ಮತ್ತು ದಾಂಡೇಲಪ್ಪನ ಗುಡಿಯನ್ನು ಆಳವಾಗಿ ಅರಿತುಕೊಂಡರು. ಉಳಿದ ಸ್ಥಳಗಳನ್ನು ನೆಂಟರು ಬಂದಾಗ ನೋಡಲೆಂದು ಎತ್ತಿಟ್ಟರು. ಹೀಗೆ ಎತ್ತಿಟ್ಟ ಸ್ಥಳಗಳು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ದಾಟಿಬಂದಿವೆ. ನಿವೃತ್ತರಾದ ಕಾಕಾ ಕವಳಾ ಗುಹೆಯನ್ನು ನೋಡಿಲ್ಲ. ಅವರ ಮಗನೂ ನೋಡಿಲ್ಲ. ಮೊಮ್ಮಗನಿಗೆ ಅದನ್ನು ನೋಡದಿರುವ ಅಭ್ಯಾಸ ಈಗಷ್ಟೇ ಆರಂಭವಾಗಿದೆ.

ಅಭ್ಯರ್ಥಿ ಸ್ಥಳಗಳ ಪರಿಶೀಲನೆಯು ನಿರಾಕರಣೆಯ ಕ್ರಮದಲ್ಲಿ ನಡೆಯತಕ್ಕದ್ದು. ಸಿಂಥೇರಿ ಬಂಡೆಯನ್ನು ಯಾರಾದರೂ ಒಬ್ಬರು ಸೂಚಿಸಲೇಬೇಕು. ಗುಂದದ ಬಳಿಯ ಕಾಡಿನೊಳಗೆ ಸುಮಾರು 300 ಅಡಿ ಎತ್ತರಕ್ಕೆ ಎದ್ದಿರುವ ಏಕಶಿಲೆ, ಬುಡದಲ್ಲಿ ಕೊರೆದುಕೊಂಡು ಹರಿಯುವ ಕಾನೇರಿ ಹೊಳೆ, ಬಂಡೆಯ ಮೈಗೆ ಜೋತುಬಿದ್ದ ಹೆಜ್ಜೇನಿನ ಹುಟ್ಟುಗಳು. ಇಷ್ಟನ್ನು ಕೇಳಿದ ಬಳಿಕ ಕಾಕು “ಅಲ್ಲೇನೈತಿ, ಬರೇ ಕಲ್ಲು” ಎನ್ನತಕ್ಕದ್ದು. ಅವರು ಅಲ್ಲಿಗೆ ಹೋಗಿಲ್ಲವಾದರೂ ಈ ಹೇಳಿಕೆ ಭೂವಿಜ್ಞಾನದ ದೃಷ್ಟಿಯಿಂದ ನಿಖರವಾಗಿದೆ. ಸುಣ್ಣಕಲ್ಲಿನ ಕವಳಾ ಗುಹೆಗೆ ಶಿವರಾತ್ರಿಯಂದು ಭಕ್ತರು ಹೋಗುತ್ತಾರೆ. ಶಿವರಾತ್ರಿ ಇಲ್ಲದ ದಿನ ಅದು ಶಿವರಾತ್ರಿಯಲ್ಲ ಎಂಬ ಕಾರಣಕ್ಕೂ, ಶಿವರಾತ್ರಿಯಂದು ಮನೆಯಲ್ಲಿ ಉಪವಾಸ ಎಂಬ ಕಾರಣಕ್ಕೂ ಕೈಬಿಡಲ್ಪಡುತ್ತದೆ.

ಗಣೇಶಗುಡಿಯ ರಾಫ್ಟಿಂಗನ್ನು ಪ್ರಸ್ತಾಪಿಸುವವನು ಮನೆಯ ಅತಿ ಕಿರಿಯ ಅಳಿಯ. ಸೂಪಾ ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕಾಳಿಯಲ್ಲಿ ಸೆಳವು ಬರುತ್ತದೆ, ದೋಣಿಗಳು ಆ ಸೆಳವನ್ನು ನಂಬಿಕೊಂಡಿವೆ ಎಂದು ಅವನು ವಿವರಿಸುತ್ತಾನೆ. “ಕರೆಂಟ್ ತಯಾರ್ ಮಾಡೂ ನೀರಾಗ ನೀವ್ಯಾಕ ಬೀಳ್ತೀರಿ?” ಎಂದು ಆಯಿ ಕೇಳುತ್ತಾರೆ. ಈ ಪ್ರಶ್ನೆಗೆ ಇದುವರೆಗೆ ಸಮರ್ಪಕ ಉತ್ತರ ದೊರೆತಿಲ್ಲ.

ವನ್ಯಜೀವಿ ಪಕ್ಷದವರ ವಾದ ಇದಕ್ಕಿಂತ ಗಂಭೀರವಾದುದು. 1956ರಲ್ಲಿ ಅಭಯಾರಣ್ಯವಾದ ದಾಂಡೇಲಿಯ ಕಾಡು ಮುಂದೆ ಅಣಶಿಯೊಡನೆ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರಾಯಿತು. ಇಲ್ಲಿ ಕರಿಚಿರತೆಗಳಿವೆ. ಅವನ್ನು ರಾತ್ರಿ ಪಾಳಿ ಮುಗಿಸಿ ಬರುವಾಗ ಕಂಡವರು ಪ್ರತಿ ಮನೆಯಲ್ಲೂ ಒಬ್ಬರಿದ್ದು, ಕಪ್ಪು ಪ್ರಾಣಿಯನ್ನು ಕತ್ತಲಲ್ಲಿ ಕಂಡ ಬಗೆಯನ್ನು ಅತಿಥಿಯು ವಿಚಾರಿಸಬಾರದು. ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳೂ ಇವೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಸಿಕೊಂಡ ಸಣ್ಣ ಸೀಳಿನಿಂದ ಗಂಡು ವಾರಗಟ್ಟಲೆ ಹಣ್ಣು ತಿನ್ನಿಸುತ್ತದೆ. ಬಂಗೂರನಗರದಲ್ಲಿ ಅತಿಥಿಯನ್ನು ನೋಡಿಕೊಳ್ಳುವ ಕ್ರಮವೂ ಇದೇ ಆದುದರಿಂದ, ಇದನ್ನು ಕಾಣಲು ನಸುಕಿನಲ್ಲಿ ಎದ್ದು ಕಾಡಿಗೆ ಹೋಗುವ ಅಗತ್ಯವಿಲ್ಲ ಎಂಬುದು ಮನೆಯವರ ನಿಲುವು.

ಎಲ್ಲ ಸ್ಥಳಗಳೂ ಬಿದ್ದುಹೋದ ಬಳಿಕ ಆಯಿ ಉಳವಿಯ ಹೆಸರೆತ್ತುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಹೊರಟ ಶರಣರೊಡನೆ ಬಂದು ಐಕ್ಯರಾದ ಚೆನ್ನಬಸವಣ್ಣನವರ ಕ್ಷೇತ್ರವದು. ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ದಾರಿ ಸವೆಸಿ ಬರುತ್ತಾರೆ. ಎಲ್ಲಿಗೆ ಹೋಗುವುದೆಂದು ಅವರು ಎಂದೂ ಚರ್ಚಿಸಿದ್ದಿಲ್ಲ. ದೇವರ ಹೆಸರು ಬಂದ ಮೇಲೆ ನಿರಾಕರಣೆಯ ಹಕ್ಕು ಯಾರಿಗೂ ಉಳಿಯುವುದಿಲ್ಲವಾದ್ದರಿಂದ ಉಳವಿ ಅವಿರೋಧವಾಗಿ ಆಯ್ಕೆಯಾಗುತ್ತದೆ.

ಆಯ್ಕೆಯಾದ ಕ್ಷಣದಿಂದ ತಿರಸ್ಕೃತ ಸ್ಥಳಗಳು ಒಂದೊಂದಾಗಿ ಮರಳತೊಡಗುವುದನ್ನು ಅಭ್ಯಾಸಿಗಳು ಗಮನಿಸಬೇಕು. ಗುಂದದ ಮೇಲೆ ಹೋದರೆ ಸಿಂಥೇರಿ ದಾರಿಯಲ್ಲೇ ಎಂದು ಕಾಕು ಹೇಳುತ್ತಾರೆ. ಕಲ್ಲಿನ ವಿಷಯ ಅವರು ಮತ್ತೆ ಎತ್ತುವುದಿಲ್ಲ. ಬರುವಾಗ ಜೋಯಿಡಾ, ಗಣೇಶಗುಡಿಯ ಮೇಲೆ ಬಂದರಾಯಿತು ಎಂದು ಅಳಿಯ ಸೇರಿಸುತ್ತಾನೆ. ಆಗ ಕಾಕಾ ಮೊದಲ ಬಾರಿಗೆ ಪತ್ರಿಕೆಯನ್ನು ಮಡಿಸುತ್ತಾರೆ. ಅವರು ಹಳೆಯ ಸೂಪಾದವರು. 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ತಾಲ್ಲೂಕು ಕೇಂದ್ರವಾಗಿದ್ದ ಆ ಪಟ್ಟಣ ನೀರಿನ ಅಡಿಗೆ ಸೇರಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ಹಿನ್ನೀರಿನ ಬದಿ ಗಾಡಿ ನಿಲ್ಲಿಸಿ, “ಅಲ್ಲಿ ನೋಡ್ರಿ, ನಮ್ಮ ಸಾಲಿ. ಅದರ ಬಾಜೂಕ ಸಂತಿ” ಎಂದು ಅವರು ನೀರನ್ನು ತೋರಿಸಬೇಕಾಗಿದೆ. ಕಾಣಲು ಏನೂ ಇಲ್ಲದ ಜಾಗವನ್ನು ಬೆರಳು ತೋರಿ ಅಷ್ಟು ಹೊತ್ತು ವರ್ಣಿಸುವುದು ಜಿಲ್ಲೆಯ ಬೇರಾವ ಪ್ರೇಕ್ಷಣೀಯ ಸ್ಥಳದಲ್ಲಿಯೂ ಸಾಧ್ಯವಾಗದು. ಉಳವಿ ಬಿಟ್ಟರೂ ಅಡ್ಡಿಯಿಲ್ಲ, ಇದನ್ನು ಬಿಡುವಂತಿಲ್ಲ.

ಬುತ್ತಿಯ ಸಿದ್ಧತೆ ಹಿಂದಿನ ರಾತ್ರಿಯೇ ಆರಂಭವಾಗುತ್ತದೆ. ಕಟಕಟಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ ಇವು ಕನಿಷ್ಠ ಪ್ರಮಾಣ. ಮಧ್ಯಾಹ್ನಕ್ಕೆಂದು ಕಟ್ಟಿದ ಇದನ್ನು ಊರ ಹೊರಗಿನ ಮೊದಲ ನೆರಳಿನಲ್ಲಿ ಬಿಚ್ಚುವುದು ವಾಡಿಕೆ.

ವಾಹನದ ಅಧ್ಯಾಯ ಅತ್ಯಂತ ಸೂಕ್ಷ್ಮವಾದುದು. ಗೊತ್ತುಮಾಡಿದ ಬೊಲೆರೊದಲ್ಲಿ ಮುಂದಿನ ಸೀಟು ಆಯಿಯದು, ಅವರಿಗೆ ವಾಂತಿಯ ಭಯವಿದೆ. ಹಳೆಯ ಸೂಪಾವನ್ನು ತೋರಿಸುವವರಾದ ಕಾಕಾ ಕಿಟಕಿಗೆ ಕೂರಬೇಕು. ಕಾಕು, ಮಗ, ಸೊಸೆ, ದಾರಿ ಗೊತ್ತಿಲ್ಲದಿದ್ದರೂ ದಾರಿ ಹೇಳುವ ಅಳಿಯ, ಅವನ ಹೆಂಡತಿ, ಮೊಮ್ಮಗ, ಎಂದೂ ಎಲ್ಲಿಗೂ ಹೋಗದ ಪಕ್ಕದ ಮನೆಯ ವೈನಿ. ಇದರ ಮೇಲೆ ಜೋಯಿಡಾದ ಪ್ರಶ್ನೆ ಬರುತ್ತದೆ. ಅಲ್ಲಿನ ಕುಣಬಿ ರೈತರು ಬೆಳೆಯುವ ಗೆಡ್ಡೆಗೆಣಸು ಹೆಸರಾದದ್ದು, ತರದೆ ಬರುವಂತಿಲ್ಲ. ಬರುವಾಗ ಚೀಲಕ್ಕೆ ಒಂದು ಸೀಟು ಬೇಕಾಗುವುದರಿಂದ ಹೋಗುವಾಗಲೇ ಅದನ್ನು ಖಾಲಿ ಇಡತಕ್ಕದ್ದು. ಈ ಲೆಕ್ಕವನ್ನು ಎರಡು ಮೂರು ಸಲ ತಾಳೆ ನೋಡಿದರೂ ಒಬ್ಬರು ಹೆಚ್ಚಾಗುತ್ತಾರೆ. ಅವರು ಅತಿಥಿ.

ಅತಿಥಿಯು ಇದಕ್ಕೆ ತಾನೇ ಮುಂದಾಗಿ ಒಪ್ಪುವುದು ಶ್ರೇಯಸ್ಕರ. ಆ ದಿನ ಸಿಲಿಂಡರಿನವನು ಬರುವುದಿರುತ್ತದೆ, ಹಾಲು ಇಳಿಸಿಕೊಂಡು ಕಾಯಿಸುವುದಿರುತ್ತದೆ. ತಿನ್ನಲು ಅಡುಗೆಮನೆಯ ಗೂಡಿನಲ್ಲಿ ಎಲ್ಲವನ್ನೂ ಮುಚ್ಚಿಟ್ಟು ಹೋಗಿರುತ್ತಾರೆ. ರಾತ್ರಿ ಮರಳಿದ ಬಳಿಕ ಕಾಕು ಅತಿಥಿಯನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಬಂಡೆಯ ಚಿತ್ರಗಳನ್ನು ತೋರಿಸುತ್ತಾರೆ. “ನೀವ್ ಬಂದಿದ್ದಕ್ಕ ಆತ್ ನೋಡ್ರಿ, ಇಲ್ಲಂದ್ರ ನಾವೆಲ್ಲಿ ಹೋಗ್ತಿದ್ವಿ” ಎಂಬ ಕೃತಜ್ಞತೆಯ ಮಾತನ್ನು ಆಗ ತಲೆಬಾಗಿ ಸ್ವೀಕರಿಸಬೇಕು.

ಪ್ರತಿಯಾಗಿ ಬಂಗೂರನಗರದವರನ್ನು ಮೈಸೂರಿಗೆ ಆಹ್ವಾನಿಸುವಲ್ಲಿ ವಿಳಂಬ ಸಲ್ಲದು. ಅತಿಥಿಯ ಮನೆಯಲ್ಲಿ ಸೋಮನಾಥಪುರವನ್ನು ಯಾರೂ ಇನ್ನೂ ನೋಡಿಲ್ಲ. ಮನೆಮಂದಿಯೆಲ್ಲ ಹಿಡಿಸುವಂಥ ಗಾಡಿಯೊಂದನ್ನು ಮೊದಲೇ ಗೊತ್ತುಮಾಡಿಡುವುದು ಒಳಿತು. ಸೀಟು ಎಣಿಸುವಾಗ ಬರುವವರನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.